ನಡೆಯುವುದಕ್ಕೆ ವಿಮಾನ ಹತ್ತಿದ್ದು

ಓಡುವವರು ನಗೆಪಾಟಲಿನ ಪ್ರಸಂಗಗಳಿಂದ ತಪ್ಪಿಸಿಕೊಳ್ಳುತ್ತಾರೇನೋ. ನಡೆಯುವವರನ್ನು ಮಾತ್ರ ಅವು ಬಿಡುವುದಿಲ್ಲ, ಹಿಂದಿನಿಂದ ಬಂದು ಹಿಡಿಯುತ್ತಲೇ ಇರುತ್ತವೆ. ನಾನು ನಡೆಯುವವಳು.

ಎಂಬತ್ತರ ದಶಕದ ಕೊನೆಗೆ ನಾನು ದೋಣಿಮಲೈಯ ಗಣಿ ಕಾಲೊನಿಯಲ್ಲಿ ಆಟದ ಟೀಚರ್. ಯಜಮಾನರು ಅದಿರಿನ ಲಾರಿ ಓಡಿಸುತ್ತಿದ್ದರು. ನನ್ನ ಸ್ಪರ್ಧೆ ವೇಗದ ನಡಿಗೆ. ಅದರಲ್ಲಿ ಒಂದು ಪಾದ ಸದಾ ನೆಲದ ಮೇಲಿರಬೇಕು, ಊರಿದ ಕಾಲಿನ ಮೊಣಕಾಲು ಬಗ್ಗಬಾರದು. ಎರಡೂ ಪಾದ ನೆಲ ಬಿಟ್ಟರೆ ಅದು ಓಟವಾಯಿತು. ತೀರ್ಪುಗಾರರು ಕೆಂಪು ಹಲಗೆ ತೋರಿಸಿ ಹೊರಗೆ ಹಾಕುತ್ತಾರೆ. ಹಾಗೆ ನಡೆಯುವಾಗ ಸೊಂಟ ಅತ್ತಿತ್ತ ಆಡುತ್ತದೆ, ನೋಡುವವರಿಗೆ ನಗು ಬರುತ್ತದೆ. ನನಗೂ ಮೊದಲ ಸಲ ಬಂದಿತ್ತು.

ಯುರೋಪಿನ ಕೂಟವೊಂದಕ್ಕೆ ನಾನು ಆಯ್ಕೆಯಾದ ಸುದ್ದಿ ಕಂಪ್ಲಿಯ ಅತ್ತೆ ಮನೆಗೆ ಮುಟ್ಟಿದಾಗ ಪಕ್ಕದ ಮನೆಯಾಕೆ ಬಹಳ ಹೊತ್ತು ಯೋಚಿಸಿ ಕೇಳಿದಳಂತೆ: “ನಡಿಯಾಕ ಇಮಾನದಾಗ ಯಾಕ ಹೋಗಬೇಕು? ನಡಕೊಂತನ ಹೋಗಬಹುದಲ್ಲ.”

ಕಾಲುವೆ ದಂಡೆ

ಹೊರಡುವ ಮುಂಚಿನ ರಜೆಯಲ್ಲಿ ಕಂಪ್ಲಿಯ ಕಾಲುವೆ ದಂಡೆಯೇ ನನ್ನ ಮೈದಾನ. ಬೆಳಗಿನ ಹೊತ್ತು ನೀರು ಸದ್ದಿಲ್ಲದೆ ನನ್ನ ಜೊತೆಗೇ ಹರಿಯುತ್ತಿತ್ತು. ಗದ್ದೆಗಳ ಮೇಲೆ ಬಿಳಿಯ ಮಬ್ಬು ಕೂತಿರುತ್ತಿತ್ತು. ನಡೆಯುತ್ತ ನಡೆಯುತ್ತ ನಾನು ನಡೆಯುತ್ತಿದ್ದೇನೋ, ದಂಡೆಯೇ ಹಿಂದಕ್ಕೆ ಸರಿಯುತ್ತಿದೆಯೋ ಗೊತ್ತಾಗದ ಹಾಗಿರುತ್ತಿತ್ತು.

ಒಂದು ದಿನ ಗದ್ದೆಗೆ ನೀರು ಬಿಡಲು ಬಂದಿದ್ದ ಹಿರಿಯರೊಬ್ಬರು ನನ್ನನ್ನು ಕಂಡರು. ಹೆಣ್ಣುಮಗಳು, ಒಬ್ಬಳೇ, ಮುಖ ಬಿಗಿದುಕೊಂಡು ಅಷ್ಟು ರಭಸದಿಂದ ಹೊರಟಿದ್ದಾಳೆ ಎಂದರೆ ಅವರಿಗೆ ಹೊಳೆದದ್ದು ಒಂದೇ ಕಾರಣ. ಗುದ್ದಲಿ ಬಿಟ್ಟು ಪಕ್ಕಕ್ಕೆ ಬಂದು, ಏದುಸಿರು ಬಿಡುತ್ತ ಹೆಜ್ಜೆ ಹಾಕಿದರು. “ತಂಗಿ, ಸಂಸಾರ ಅಂದಮ್ಯಾಲೆ ಒಂದು ಮಾತು ಬರ್ತೈತಿ, ಹೋಗ್ತೈತಿ. ತವರಿಗೆ ಹೋಗಾಕ ಇಷ್ಟು ಅವಸರ ಬ್ಯಾಡವ್ವ.”

ನಿಂತರೆ ಹೊತ್ತಿನ ಲೆಕ್ಕ ತಪ್ಪುತ್ತದೆ. ಇಲ್ಲರೀ ಅಜ್ಜಾರ, ಹಂಗೇನಿಲ್ಲ ಎನ್ನುತ್ತಲೇ ಮುಂದೆ ಹೋದೆ. ಅವರು ಸೋತು ನಿಂತರು. ಅಷ್ಟರಲ್ಲಿ ನನ್ನ ನೀರಿನ ಬಾಟಲಿ ಹಿಡಿದು ಸೈಕಲ್ ಮೇಲೆ ಹಿಂದೆ ಬರುತ್ತಿದ್ದ ಯಜಮಾನರು ಅವರ ಕೈಗೆ ಸಿಕ್ಕರು. ಹೆಂಡತಿ ನಡೆದು ಹೋಗುವಾಗ ತಾನು ಸೈಕಲ್ ಮೇಲೆ ಕುಂತು ಬರುವುದು ಯಾವ ಗಂಡಸುತನ ಎಂದು ಶುರುವಾದ ಬುದ್ಧಿಮಾತು ಬಹಳ ದೂರ ಹೋಯಿತಂತೆ. ಯಜಮಾನರು ಮಾತು ಕಡಿಮೆಯವರು. ವಿವರಿಸುವುದಕ್ಕಿಂತ ಒಪ್ಪಿಕೊಳ್ಳುವುದು ಸುಲಭವೆಂದು ಎಲ್ಲಕ್ಕೂ ತಲೆಯಾಡಿಸಿ ಬಂದರು.

ಅವತ್ತು ಸಂಜೆ ಮಲ್ಲಿಗೆ ದಂಡೆ ತಂದರು. ಮದುವೆಯಾದ ಮೇಲೆ ಅದೇ ಮೊದಲು. ಯಾಕೆಂದು ಕೇಳಿದರೆ, “ಹಿರೇರಿಗೆ ಮಾತು ಕೊಟ್ಟೀನಿ” ಎಂದರು.

ಹಂಪಿಯ ಚಿತ್ರ

ಕೂಟ ನಡೆಯುತ್ತಿದ್ದದ್ದು ಒಂದು ಕೆರೆಯ ಪಕ್ಕದ ಸಣ್ಣ ಊರಲ್ಲಿ. ನಾವು ಇಳಿದ ದಿನವೇ ಮಂಜು ಇಳಿಯಿತು. ಪಾದ ನೆಲ ಬಿಟ್ಟಿತೋ ಇಲ್ಲವೋ ತೀರ್ಪುಗಾರರಿಗೆ ಕಾಣಬೇಕಲ್ಲ. ಸ್ಪರ್ಧೆ ಮುಂದಕ್ಕೆ ಹೋಯಿತು. ಮಾರನೆಯ ದಿನವೂ ಹೋಯಿತು.

ನನ್ನ ಕೋಣೆಯಲ್ಲಿ ಇನ್ನೊಂದು ದೇಶದ ನಡಿಗೆಗಾರ್ತಿ ಇದ್ದಳು. ಎತ್ತರದ, ಮೃದು ಮನಸ್ಸಿನ ಹುಡುಗಿ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಅವಳು ತನ್ನ ಮನೆಯ ಫೋಟೋ ತೋರಿಸಿದಳು: ಕೆಂಪು ಹೆಂಚು, ಕಿಟಕಿಯಲ್ಲಿ ಹೂವು. ನನ್ನ ಬಳಿ ಇದ್ದದ್ದು ಹಂಪಿಯ ಒಂದು ಬಣ್ಣದ ಕಾರ್ಡು. ಮುರಿದ ಕಂಬಗಳು, ಚಾವಣಿಯಿಲ್ಲದ ಮಂಟಪ, ಸುತ್ತ ಉರುಳಿಬಿದ್ದಂತಿರುವ ಬಂಡೆಗಳು. ಇದು ನಮ್ಮೂರು ಎಂದು ಹೆಮ್ಮೆಯಿಂದ ಎದೆ ಮುಟ್ಟಿ ತೋರಿಸಿದೆ.

ಅವಳ ಮುಖ ಬಾಡಿತು. ಮೇಲಿನಿಂದ ಏನೋ ಬೀಳುವಂತೆ, ನೆಲ ನಡುಗುವಂತೆ ಕೈ ಮಾಡಿ ಕೇಳಿದಳು. ಇಲ್ಲ, ಇದು ಬಹಳ ಹಿಂದೆ ಎನ್ನುವುದಕ್ಕೆ ನಾನು ಕೈಯನ್ನು ಹಿಂದಕ್ಕೆ ಬೀಸಿದೆ. ಎಲ್ಲ ಹೋಯಿತು ಎಂದು ಅವಳಿಗೆ ಅರ್ಥವಾಯಿತು. ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಆಮೇಲೆ ಪೆಟ್ಟಿಗೆ ತೆರೆದು ತನ್ನ ದಪ್ಪ ಉಣ್ಣೆಯ ಸ್ವೆಟರ್ ತೆಗೆದು ನನಗೆ ತೊಡಿಸಿದಳು. ಬೇಡವೆನ್ನಲು ಮಾತೂ ಇರಲಿಲ್ಲ, ಚಳಿಯೂ ಇತ್ತು.

ಹಂಪಿ ಹಾಳಾದದ್ದಕ್ಕೆ ಇಲ್ಲಿಯವರೆಗೆ ಪರಿಹಾರ ಪಡೆದವಳು ನಾನೊಬ್ಬಳೇ ಇರಬೇಕು.

ಕಿಟಕಿಯ ಬಳಿ

ಕಾಯುವ ದಿನಗಳಲ್ಲಿ ನಾನು ಆ ಸ್ವೆಟರ್ ಹಾಕಿಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದೆ. ಹೊರಗೆ ಊರೇ ಇರಲಿಲ್ಲ, ಬರೀ ಬಿಳುಪು. ಆ ಬಿಳುಪಿನಲ್ಲಿ ಏನು ಬೇಕಾದರೂ ಕಾಣುತ್ತಿತ್ತು. ಸಂಡೂರಿನ ಗುಡ್ಡ ಮೆಲ್ಲಗೆ ಎದ್ದು ನಿಲ್ಲುತ್ತಿತ್ತು. ಕೆಂಪು ಧೂಳು ಹೊತ್ತ ಸ್ಟಾಫ್ ಬಸ್ಸು ಸದ್ದಿಲ್ಲದೆ ಇಳಿದು ಬರುತ್ತಿತ್ತು, ಕಿಟಕಿಯ ತನಕ ಬಂದು ಕರಗುತ್ತಿತ್ತು. ಇಷ್ಟು ದೂರ ಬಂದು ನಡೆಯದೆಯೇ ವಾಪಸು ಹೋಗಬೇಕಾದರೆ ಊರಲ್ಲಿ ಏನು ಹೇಳುವುದು ಎಂಬ ಹೆದರಿಕೆಯೂ ಅದರ ನಡುವೆಯೇ ಸುಳಿಯುತ್ತಿತ್ತು.

ಹಾಗೇ ಕೂತಲ್ಲಿ ಕಣ್ಣು ಮುಚ್ಚಿತು. ಕನಸಿನಲ್ಲಿ ಸ್ಪರ್ಧೆ ಶುರುವಾಗಿತ್ತು. ನಾನು ಎಲ್ಲರಿಗಿಂತ ಮುಂದೆ, ಪಾದದ ಕೆಳಗೆ ನೆಲ ಹತ್ತಿಯ ಹಾಗೆ. ಯಾರೋ ಭುಜ ತಟ್ಟಿದರು, ಎಚ್ಚರವಾಯಿತು. ನಮ್ಮ ತಂಡದ ಮ್ಯಾನೇಜರು, ಉತ್ತರದ ಕಡೆಯ ದಪ್ಪ ಮನುಷ್ಯ, ಗಂಭೀರವಾಗಿ ನಿಂತಿದ್ದರು. ನಿದ್ದೆಯಲ್ಲಿ ನನ್ನ ಕಾಲುಗಳು ಆಡುತ್ತಿದ್ದವಂತೆ. ಪರವಾಗಿಲ್ಲ, ಆಡಲಿ, ಆದರೆ ಬಲಗಾಲಿನ ಮೊಣಕಾಲು ಬಗ್ಗುತ್ತಿದೆ, ಈಗಲೇ ಸರಿಮಾಡಿಕೊಂಡು ಮಲಗು ಎಂದು ಹಿಂದಿಯಲ್ಲಿ ಹೇಳಿ ಹೋದರು.

ಕೊನೆಗೂ ನಡೆದದ್ದು

ಒಂದು ಬೆಳಿಗ್ಗೆ ಕೆರೆ ಕಂಡಿತು. ಸ್ಪರ್ಧೆ ಶುರುವಾಯಿತು.

ಪಿಸ್ತೂಲಿನ ಸದ್ದಾದ ಕೂಡಲೇ ಎಲ್ಲರೂ ನನ್ನನ್ನು ದಾಟಿ ಹೋದರು. ಅಷ್ಟು ದಿನ ಕೂತು ಕಾದವರಲ್ಲವೇ, ಹಗ್ಗ ಬಿಚ್ಚಿದ ಕರುಗಳ ಹಾಗೆ ಹೋದರು. ನನಗೆ ಅಷ್ಟು ವೇಗ ಇರಲಿಲ್ಲ. ಕೆರೆಯ ಸುತ್ತ, ಕಾಲುವೆ ದಂಡೆಯಲ್ಲಿದ್ದೇನೆ ಅಂದುಕೊಂಡು ನನ್ನ ಪಾಡಿಗೆ ನಡೆದೆ. ಸುತ್ತು ಕಳೆದಂತೆ ಮುಂದಿನ ಬೆನ್ನುಗಳು ಒಂದೊಂದಾಗಿ ಕಾಣದಾದವು. ಅಷ್ಟು ದೂರ ಹೋಗಿಬಿಟ್ಟರೇ ಎಂದು ಹೆದರಿದೆ. ಆದರೂ ನಿಲ್ಲಲಿಲ್ಲ.

ಗೆರೆ ಮುಟ್ಟಿದಾಗ ಅಲ್ಲಿ ಇಬ್ಬರೇ ಹುಡುಗಿಯರಿದ್ದರು. ಉಳಿದವರೆಲ್ಲ ಮುಗಿಸಿ, ಸ್ನಾನ ಮಾಡಿ, ಊಟಕ್ಕೂ ಹೋಗಿರಬೇಕು ಅಂದುಕೊಂಡೆ. ಡೇರೆಯ ಹಿಂದೆ ಹೋಗಿ ಬೂಟು ಕಳಚಿ, ಯಾರಿಗೂ ಕಾಣದಂತೆ ಅತ್ತೆ.

ಅಲ್ಲಿಗೆ ಮ್ಯಾನೇಜರು ಏದುಸಿರು ಬಿಡುತ್ತ ಓಡಿ ಬಂದರು. ಉಳಿದವರನ್ನೆಲ್ಲ ಪಾದ ನೆಲ ಬಿಟ್ಟಿತೆಂದು ಒಬ್ಬೊಬ್ಬರನ್ನಾಗಿ ದಾರಿಯಲ್ಲೇ ಹೊರಗೆ ಹಾಕಿದ್ದರು. ನನ್ನ ಕೋಣೆಯ ಗೆಳತಿಯೂ ಅವರಲ್ಲೊಬ್ಬಳು. ಕೊನೆಯವಳಾಗಿ ಬಂದ ನನಗೆ ಕಂಚಿನ ಪದಕ. ಬೂಟು ಹಾಕಿಕೊಳ್ಳಲೂ ಬಿಡದೆ ಬರಿಗಾಲಲ್ಲೇ ಮೆಟ್ಟಿಲು ಹತ್ತಿಸಿದರು. ಹಗ್ಗದಾಚೆ ನಿಂತ ಗೆಳತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಹೊಸಪೇಟೆ ಸ್ಟೇಷನ್ನಿಗೆ ಗಣಿಯವರು ಹಾರ ಹಿಡಿದು ಬಂದಿದ್ದರು. ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದಿದ್ದ ನಮ್ಮತ್ತೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳಿದರು. ನಾನು ಮುಚ್ಚಿಡದೆ ಹೇಳಿದೆ. ಪದಕವನ್ನು ಸೆರಗಿನಲ್ಲಿ ಎರಡೂ ಕಡೆ ಒರೆಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು:

“ಹಾದಿ ಗಿಡ್ಡಾತವ್ವ. ಇನ್ನೊಂದೆರಡು ಮೈಲಿ ಇಟ್ಟಿದ್ರ, ಆ ಇಬ್ಬರನ್ನೂ ಹೊರಗ ಹಾಕ್ತಿದ್ರು.”