ಪರೀಕ್ಷೆಗೆ ಸತ್ತವರೊಬ್ಬರು ಬೇಕಾಗಿದ್ದಾರೆ

ದೆವ್ವಗಳಲ್ಲಿ ನನಗೆ ನಂಬಿಕೆಯಿಲ್ಲ ಎಂದು ಹಗಲು ಹೊತ್ತಿನಲ್ಲಿ ಯಾರು ಕೇಳಿದರೂ ಹೇಳುತ್ತೇನೆ. ಈ ಜಂಬವೇ ನನ್ನನ್ನು ಕೆಡಿಸಿತು. ದಾವಣಗೆರೆಯ ನಮ್ಮ ಪುಟ್ಟ ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆದು, ಪರೀಕ್ಷೆ ನಡೆಸಿ, ಅದರ ಯಾವ ಸಾಲು ಓಡಿತು, ಯಾವುದು ಓಡಲಿಲ್ಲ ಎಂದು ನೋಡುತ್ತೇವೆ. ಓಡಿದ ಸಾಲು ಪರದೆಯ ಮೇಲೆ ಹಸಿರು, ಓಡದ್ದು ಕೆಂಪು. ಈ ಕೆಲಸಕ್ಕೆ ಸೇರಿದ ಮೇಲೆ ಹೆಂಡತಿ ಕೆಂಪು ಸೀರೆ ಉಟ್ಟರೂ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ.

ಹರಿಹರದ ಒಂದು ಸಹಕಾರ ಸಂಘಕ್ಕೆ, ಸದಸ್ಯರ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುವ ಸಾಫ್ಟ್‌ವೇರ್ ಬೇಕಿತ್ತು. ಅವರ ಹಳೆಯದು, ತೀರಿಕೊಂಡವರೊಬ್ಬರ ತಿಥಿಯ ದಿನವೇ ಅವರ ನಂಬರಿಗೆ ‘ನೂರು ವರ್ಷ ಬಾಳಿ’ ಎಂದು ಕಳಿಸಿತ್ತು. ಆ ಮನೆಯಾಕೆ ಮೊಬೈಲ್ ಹಿಡಿದು ಅಳುತ್ತಾ ಕೂತಿದ್ದರಂತೆ. ಅದಕ್ಕೇ ‘ಸದಸ್ಯರು ತೀರಿಕೊಂಡಿದ್ದರೆ ಕಳಿಸಬೇಡ’ ಎಂಬ ಸಾಲು ಬರೆದೆ. ಅದು ಕೆಂಪಾಗಿಯೇ ಉಳಿಯಿತು. ಹಸಿರಾಗಬೇಕಾದರೆ ಆ ಸಾಲು ಓಡಬೇಕು, ಓಡಲು ಪರೀಕ್ಷೆಗೆ ಸತ್ತವರೊಬ್ಬರು ಬೇಕಲ್ಲ!

“ಸುಮ್ಮನೆ ಒಂದು ಹೆಸರು, ಹನುಮಂತಪ್ಪ ಅಂತ ಹಾಕು,” ಎಂದೆ, ಸಹೋದ್ಯೋಗಿ ಕೊಟ್ರೇಶನಿಗೆ. “ಬ್ಯಾಡ್ರಿ ಸರ್! ಆವರಗೆರ್ಯಾಗ ಅದೇ ಹೆಸರಿನ ನಮ್ಮ ದೊಡ್ಡಪ್ಪ ಅದಾರೆ, ಮೊದ್ಲೇ ಆರಾಮಿಲ್ಲ,” ಎಂದ. ಬಸಮ್ಮ ಎಂದರೆ ಅವನ ಅತ್ತೆ. ಯಾವ ಹೆಸರು ತೆಗೆದರೂ ಅವನ ಬಳಗದಲ್ಲಿ ಒಬ್ಬರು ಜೀವಂತವಿದ್ದರು. ರೇಗಿಹೋಗಿ ನನ್ನದೇ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರು ಹಾಕಿ, ಮುಂದೆ ‘ಮೃತ’ ಎಂದು ಬರೆದೆ. ಪರೀಕ್ಷೆ ಓಡಿತು. “ನೀವು ಹೋದ್ರಿ, ಹಸಿರಾತು ನೋಡ್ರಿ,” ಎಂದ ಕೊಟ್ರೇಶ, ನಗದೆ.

ಮಧ್ಯಾಹ್ನ ಎಲ್ಲರ ಮೇಜಿಗೂ ಚಹಾ ಬಂತು, ನನ್ನದಕ್ಕೆ ಬರಲಿಲ್ಲ. ಬಾಗಿಲಿಗೆ ಬಂದ ಕೊರಿಯರ್‌ನವನು ಎದುರಿಗೇ ಕೂತ ನನ್ನನ್ನು ದಾಟಿ ನೋಡಿ, “ಯಾರೂ ಇಲ್ವೇನ್ರಿ?” ಎಂದ. ಅಷ್ಟರಲ್ಲಿ ಕೊಟ್ರೇಶನ ಫೋನು ರಿಂಗಾಯಿತು. ನಿಟ್ಟುವಳ್ಳಿಯ ಮನೆಯಿಂದ ನನ್ನ ಹೆಂಡತಿ; ಅವನು ಫೋನನ್ನು ನನಗೆ ಕೊಟ್ಟ. “ನಿಮ್ಮ ನಂಬರಿಗೆ ಮಾಡಿದ್ರೆ ಅಸ್ತಿತ್ವದಲ್ಲಿಲ್ಲ ಅಂತೈತೆ. ಯಾಕ, ಅದೀರೋ ಇಲ್ಲೋ?” ನನಗೆ ನಿಜವಾಗಿ ಭಯವಾಯಿತು. ಹೆಸರು ಅಳಿಸಿ ಪರೀಕ್ಷೆಯನ್ನು ಮತ್ತೆ ಓಡಿಸಿದೆ. ಸಾಲು ಕೆಂಪಾಯಿತು, ನನಗೆ ಉಸಿರು ಬಂತು. ಆದರೆ ಹರಿಹರದ ಆ ತಾಯಿ ಕಣ್ಣ ಮುಂದೆ ಬಂದುಬಿಟ್ಟರು. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಎಂದು ಹೆಸರನ್ನು ಮತ್ತೆ ಹಾಕಿದೆ.

ಈಗ ಪರೀಕ್ಷೆ ಓಡಿಸಿದಾಗಲೆಲ್ಲ ಕೊಟ್ರೇಶ ಕಂಪ್ಯೂಟರಿನ ಹಿಂದಿನಿಂದ ಇಣುಕಿ, “ಅದೀರೇನ್ರಿ ಸರ್?” ಎನ್ನುತ್ತಾನೆ. “ತಲೆ ತಿನ್ನಬೇಡ, ಕೆಲಸ ನೋಡು,” ಎಂದು ಗದರುತ್ತೇನೆ. ನಿನ್ನೆ ಸಾಲು ಹಸಿರಾಯಿತು, ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದೆ. ಕೊನೆಗೆ ನಾನೇ ಎದ್ದು ಅವನ ಬೆನ್ನ ಹಿಂದೆ ನಿಂತು, “ಅದೀನಪ್ಪಾ,” ಎಂದೆ. ಅವನು ತಲೆ ಎತ್ತಲಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇತ್ತೋ ಇಲ್ಲವೋ, ಬಗ್ಗಿ ನೋಡುವ ಧೈರ್ಯವಾಗದೆ ವಾಪಸು ಬಂದು ಕೂತೆ.