ಬಲಗಡೆಯ ಖಾಲಿ ಜಾಗ

ಬೋರ್ಡಿನ ಬಲಗಡೆ ಖಾಲಿ ಜಾಗ ಕಂಡರೆ ನಮ್ಮ ಪೇಂಟರಿಗೆ ಜೀವ ತಡೆಯುತ್ತಿರಲಿಲ್ಲ. ಅಂಗಡಿಯವನ ಹೆಸರು ಚಿಕ್ಕದಾಗಿದ್ದರೆ ಕೈ ತಾನಾಗಿಯೇ ಮುಂದೆ ಹೋಗಿ ಒಂದು ಪದವಿ ಬರೆದುಬಿಡುತ್ತಿತ್ತು. ಹೀಗೆ ಇಪ್ಪತ್ತು ವರ್ಷಗಳಲ್ಲಿ ಆ ಬೀದಿಯ ಟೈಲರ್ ಎಂ.ಎಸ್ಸಿ. ಆಗಿದ್ದ, ಕ್ಷೌರದಂಗಡಿಯವನು ಎಲ್‌ಎಲ್.ಬಿ. ಆಗಿದ್ದ. ಇಬ್ಬರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಪುಕ್ಕಟೆ ಬಂದದ್ದನ್ನು ಬೇಡವೆನ್ನಲು ಅವರಿಗೇನು ಹುಚ್ಚೇ?

ಆ ಬೆಳಿಗ್ಗೆ ಟೈಲರ್ ಪೇಪರ್ ಹಿಡಿದು ಓಡಿಬಂದ.

“ಪೇಂಟರಣ್ಣಾ, ಕೆಟ್ಟೆವು! ಓದದೇ ಇರೋ ಡಿಗ್ರಿ ಹಾಕ್ಕೊಂಡ್ರೆ ಜೈಲಂತೆ, ಹೊಸ ಕಾನೂನು! ಸಂಜೆ ನಿನ್ನ ಮಗಳ ಲೈಸೆನ್ಸಿಗೆ ಸಹಿ ಹಾಕೋಕೆ ಆಫೀಸರು ಬರ್ತಾರಲ್ಲ, ನಮ್ಮ ಬೋರ್ಡು ನೋಡಿದ್ರೆ ಸುಮ್ನೆ ಬಿಡ್ತಾರಾ?”

ಪೇಂಟರ್ ಕೈಯಲ್ಲಿದ್ದ ಬ್ರಶ್ ಕೆಳಗಿಟ್ಟ. ಮಗಳು ಐದು ವರ್ಷ ನಿದ್ದೆಗೆಟ್ಟು ಓದಿ ಪಶುವೈದ್ಯೆಯಾಗಿದ್ದಳು. ಆ ಬೀದಿಯಲ್ಲಿ ಓದಿ ಪಡೆದ ಪದವಿ ಅದೊಂದೇ. ಇಂದು ಸಹಿ ಬಿದ್ದರೆ ನಾಳೆ ಅವಳ ಚಿಕಿತ್ಸಾಲಯ ಶುರು.

ಅವನು ಏಣಿ ಹೊತ್ತು ಹೊರಟ. ಟೈಲರ್ ಏಣಿ ಹಿಡಿಯುವ ಬದಲು ಸಲಹೆ ಕೊಡುತ್ತ ನಿಂತ. ಏಣಿ ಜಾರಿತು, ಬಿಳಿ ಬಣ್ಣದ ಡಬ್ಬಿ ಟೈಲರ್ ಆಗತಾನೇ ಹೊಲಿದಿಟ್ಟಿದ್ದ ಕರಿ ಕೋಟಿನ ಮೇಲೆ ಮಗುಚಿತು. ಅವನ ಬೈಗುಳ ತಿಂದು ಮುಂದೆ ಹೋದರೆ ಕ್ಷೌರದಂಗಡಿಯವನು ಬೋರ್ಡಿಗೇ ಅಡ್ಡ ನಿಂತ.

“ಇದನ್ನ ನೋಡೇ ಕಣಣ್ಣಾ ನಮ್ಮತ್ತೆ ಹೆಣ್ಣು ಕೊಟ್ಟಿದ್ದು! ‘ಬಿ’ ಒಂದಾದ್ರೂ ಇರ್ಲಿ.”

ಅಂತೂ ಐದು ಗಂಟೆಗೆ ಬೀದಿಯ ಪದವೀಧರರೆಲ್ಲ ಮತ್ತೆ ಮನುಷ್ಯರಾದರು.

ಅಧಿಕಾರಿ ಬಂದರು. ಮಗಳ ಪ್ರಮಾಣಪತ್ರ ನೋಡಿ ಮೆಚ್ಚಿ ತಲೆದೂಗಿದರು. ಸಹಿಗೆ ಪೆನ್ನು ತೆರೆದವರು ಚಿಕಿತ್ಸಾಲಯದ ಬಾಗಿಲ ಮೇಲಿನ ಹೊಸ ಬೋರ್ಡಿನತ್ತ ಕತ್ತೆತ್ತಿದರು.

“ಬಿ.ವಿ.ಎಸ್ಸಿ. ಸರಿ. ಪಕ್ಕದಲ್ಲಿರೋ ಎಂ.ಎ. ಯಾವಾಗ ಮಾಡಿದ್ರಮ್ಮಾ?”

ಮಗಳು ತಂದೆಯ ಮುಖ ನೋಡಿದಳು. ಅವನು ತನ್ನ ಕಾಲ್ಬೆರಳು ನೋಡುತ್ತಿದ್ದ.

“ನಿನ್ನ ಹೆಸರು ಚಿಕ್ಕದು ಪುಟ್ಟೀ. ಬಲಗಡೆ ಖಾಲಿ ಕಾಣ್ತಿತ್ತು. ಇವರದೆಲ್ಲ ಅಳಿಸೋ ಗಡಿಬಿಡೀಲಿ ನಿಂದು ಮರೆತೇಹೋಯ್ತು.”

“ನಾನು ಐದು ವರ್ಷ ಓದಿದ್ದು ಸಾಲ್ಲಿಲ್ವಾ ಅಪ್ಪಾ?”

“ನನಗೆ ಬೇಕಾದಷ್ಟಾಯ್ತು ಮಗಳೇ. ಬೋರ್ಡಿಗೇ ಸಾಲ್ಲಿಲ್ಲ.”

ಬೈಯಬೇಕೆಂದಿದ್ದವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಪ್ಪನ ಬಣ್ಣದ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: “ಸರ್, ನನ್ನನ್ನ ಓದಿಸಬೇಕು ಅಂತ ಇವರು ಹಗಲೂ ರಾತ್ರಿ ಏಣಿ ಮೇಲೇ ಇದ್ರು. ಶಿಕ್ಷೆ ಏನಿದ್ರೂ ನನಗೇ ಕೊಡಿ.”

ಅಧಿಕಾರಿಯ ಮನಸ್ಸು ಕರಗಿತು.

“ಸರಿ. ಅದನ್ನ ಅಳಿಸಿ. ಆಮೇಲೆ ಬೀದಿ ತುದಿಗೆ ಒಂದು ಎಚ್ಚರಿಕೆ ಬೋರ್ಡು ಬರೆದು ಕೊಡಿ. ಕೆಳಗೆ ನನ್ನ ಹೆಸರಿರಲಿ. ಅದು ಮುಗಿದ ತಕ್ಷಣ ಲೈಸೆನ್ಸಿಗೆ ಸಹಿ.”

ಪೇಂಟರ್ ಜನ್ಮದಲ್ಲೇ ಅಷ್ಟು ಭಕ್ತಿಯಿಂದ ಬರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಬೋರ್ಡು ಸಿದ್ಧವಾಯಿತು. ಮುತ್ತು ಪೋಣಿಸಿದಂಥ ಅಕ್ಷರ: ‘ಪಡೆಯದ ಪದವಿ ಹಾಕಿಕೊಳ್ಳುವುದು ಅಪರಾಧ.’

“ಭೇಷ್!” ಎಂದು ಅಧಿಕಾರಿ ಪೆನ್ನು ತೆರೆದು, ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅವರ ಹೆಸರು ಮೂರೇ ಅಕ್ಷರದ್ದು. ಅದರ ಬಲಗಡೆ, ಇನ್ನೂ ಒಣಗದ ಹಸಿ ಬಣ್ಣದಲ್ಲಿ, ‘ಪಿಎಚ್.ಡಿ.’ ಹೊಳೆಯುತ್ತಿತ್ತು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.