ಒಬ್ಬನೇ ಉಳಿದ ಮಂತ್ರಿಮಂಡಲ

ನಮ್ಮ ದ್ವೀಪದೇಶದಲ್ಲಿ ಆ ದಿನ ಆದ ಅಷ್ಟೂ ರಾದ್ಧಾಂತಕ್ಕೆ ಕಾರಣ ವಿಮಾನದಲ್ಲಿ ಒಂದು ಸೀಟು ಕಮ್ಮಿ ಬಿದ್ದದ್ದು. ಪಕ್ಕದ ದೇಶದಲ್ಲಿ ಮೀನುಗಾರಿಕೆಯ ಸಮ್ಮೇಳನ. ಪ್ರಧಾನಿ ಹೊರಟರು, ಹಣಕಾಸಿನವರು ಹೊರಟರು, ಶಿಕ್ಷಣ, ಆರೋಗ್ಯ, ಹಡಗು, ಎಲ್ಲ ಖಾತೆಯ ಮಂತ್ರಿಗಳೂ ಹೂವಿನ ಚಿತ್ತಾರದ ಹೊಸ ಅಂಗಿ ಹೊಲಿಸಿಕೊಂಡು ಹೊರಟರು. ಕೊನೇ ಗಳಿಗೆಯಲ್ಲಿ ಪ್ರಧಾನಿಯ ಹೆಂಡತಿಗೂ ಮೀನಿನ ಮೇಲೆ ಆಸಕ್ತಿ ಹುಟ್ಟಿತು. ಹಾಗಾಗಿ ಸೀಟು ಸಿಗದೆ ಉಳಿದವನು ಒಬ್ಬನೇ, ಮೀನುಗಾರಿಕೆ ಮಂತ್ರಿ ಅಪಿಸಾಯಿ.

"ಬೇಜಾರು ಮಾಡ್ಕೋಬೇಡಪ್ಪ," ಅಂದರು ಪ್ರಧಾನಿ, ವಿಮಾನದ ಮೆಟ್ಟಿಲ ಮೇಲೆ ನಿಂತು. "ಗುರುವಾರ ಬಂದ್ಬಿಡ್ತೀವಿ. ಅಲ್ಲೀತನಕ ನೀನೇ ಹಂಗಾಮಿ ಪ್ರಧಾನಿ. ಎಲ್ಲಾರ ಖಾತೆನೂ ನಿಂದೇ. ಏನೂ ಮಾಡೋಕೆ ಹೋಗ್ಬೇಡ, ಅಷ್ಟೇ."

ಕೈಕುಲುಕಲು ಅವರು ಕೈ ಚಾಚಿದರು. ಅಪಿಸಾಯಿ ಚಾಚಲಿಲ್ಲ. ಅವನ ಬಲಗೈ ಬಟ್ಟೆ ಸುತ್ತಿಕೊಂಡು ಬೇಯಿಸಿದ ಗೆಡ್ಡೆಯ ಹಾಗೆ ಊದಿಕೊಂಡಿತ್ತು.

ಆ ಕೈ ಊದಿದ್ದು ಹಿಂದಿನ ದಿನದ ಮಂತ್ರಿಮಂಡಲದ ಸಭೆಯಲ್ಲಿ. ದ್ವೀಪದಿಂದ ದ್ವೀಪಕ್ಕೆ ಜನರನ್ನು ಸಾಗಿಸಲು ನಮಗಿರುವುದು ಲುಪೆ ಅನ್ನುವ ಒಂದೇ ಸರ್ಕಾರಿ ಹಡಗು. ಎಣ್ಣೆ ಸಾಲುತ್ತಿಲ್ಲ, ಆದ್ದರಿಂದ ಇನ್ನು ಮುಂದೆ ಅದು ಮೋಟುಫೇಟು ದ್ವೀಪಕ್ಕೆ ಹೋಗುವುದು ಬೇಡ ಎಂದು ಪ್ರಧಾನಿ ಸೂಚಿಸಿದರು. ಮೋಟುಫೇಟು ಅಪಿಸಾಯಿಯ ಹುಟ್ಟೂರು, ಅವನಿಗೆ ಓಟು ಹಾಕಿ ಕಳಿಸಿದ ಊರು. ಪ್ರಧಾನಿಯ ಊರಿಗೆ ಮಾತ್ರ ಹಡಗು ಮೊದಲಿನಂತೆಯೇ ಹೋಗಬೇಕಂತೆ, ಅದಕ್ಕೆ ಎಣ್ಣೆ ಸಾಲುತ್ತದಂತೆ! ಅಪಿಸಾಯಿ ಕೂಗಾಡಿದ, ಹಾರಾಡಿದ, ಮೇಜು ಗುದ್ದಿದ. ಆ ಮೇಜು ಗಟ್ಟಿ ಮರದ್ದು. ಉಳಿದವರು ತಲೆ ತಗ್ಗಿಸಿ ಹಲಸಿನಂಥ ಬ್ರೆಡ್‌ಫ್ರೂಟನ್ನು ತಿನ್ನುತ್ತ ಕೂತಿದ್ದರು. "ಹಾಗಾದ್ರೆ ಎಲ್ರೂ ಒಪ್ಪಿದ ಹಾಗಾಯ್ತು," ಎಂದು ಹೇಳಿ ಪ್ರಧಾನಿ ಎದ್ದರು. ಮಂತ್ರಿಮಂಡಲದಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿಯಿಲ್ಲ. ಪ್ರಧಾನಿ ಒಪ್ಪಿಗೆಯಾಯಿತು ಅಂದರೆ ಆಯಿತು.

ಇದಕ್ಕಿಂತ ಹೊಟ್ಟೆ ಉರಿಸುವ ಇನ್ನೊಂದು ನಿಯಮವಿದೆ. ಕೋಣೆಯೊಳಗೆ ನೀವು ಎಷ್ಟು ಬೇಕಾದರೂ ಜಗಳವಾಡಬಹುದು. ಹೊರಗೆ ಬಂದಮೇಲೆ ಮಾತ್ರ ಎಲ್ಲರದೂ ಒಂದೇ ಬಾಯಿ. ಒಳಗೆ ಯಾರು ಏನಂದರು ಎಂದು ಉಸಿರೆತ್ತುವ ಹಾಗಿಲ್ಲ. ತೀರ್ಮಾನ ನಿಮ್ಮ ಹೊಟ್ಟೆಗೇ ಹೊಡೆದಿದ್ದರೂ "ನಾವೆಲ್ಲ ಒಟ್ಟಾಗಿ ಮಾಡಿದ್ದು" ಎಂದು ನಗುನಗುತ್ತಾ ಹೇಳಬೇಕು. ಸಹಿಸಲಾಗದಿದ್ದರೆ ರಾಜೀನಾಮೆ ಕೊಟ್ಟು ಎದ್ದು ಹೋಗಬೇಕು. ಇದನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನಿಗೆ ಊರೂ ಇರಲಿಲ್ಲ, ಅಕ್ಕನೂ ಇರಲಿಲ್ಲ ಅನ್ನಿಸುತ್ತದೆ.

ವಿಮಾನ ಹಾರಿತು. ರನ್‌ವೇ ಮೇಲೆ ಹುಡುಗರು ಮತ್ತೆ ವಾಲಿಬಾಲ್ ಬಲೆ ಕಟ್ಟತೊಡಗಿದರು. ಮಂತ್ರಿಮಂಡಲದ ಕಾರ್ಯದರ್ಶಿ ಪಾಸೆಮೇಟಾ ಅಪಿಸಾಯಿಯ ಹತ್ತಿರ ಬಂದಳು. ಆಕೆ ನಾಲ್ಕು ಸರ್ಕಾರಗಳನ್ನು ಕಂಡ ಹೆಂಗಸು, ಯಾವುದಕ್ಕೂ ದನಿ ಏರಿಸುವವಳಲ್ಲ.

"ಸಾರ್, ಈಗ ಎಲ್ಲ ಖಾತೆನೂ ನಿಮ್ಮ ಕೈಲಿದೆಯಲ್ಲ, ಅದರ ಬಗ್ಗೆ ಒಂದು ಮಾತು..."

"ಆಮೇಲೆ! ಮೀನಿನ ಸಮ್ಮೇಳನಕ್ಕೆ ಮೀನು ಮಂತ್ರಿನ ಬಿಟ್ಟು ಹೋದ್ರಲ್ರೀ ಇವ್ರು! ಆರೋಗ್ಯದವನಿಗೆ ಮೀನಿನ ತಲೆ ಯಾವ್ದು ಬಾಲ ಯಾವ್ದು ಗೊತ್ತಾ?"

ಅಪಿಸಾಯಿ ಮೋಟರ್‌ಸೈಕಲ್ ಒದ್ದು ಹೊರಟೇಬಿಟ್ಟ. ಎಡಗೈಯಲ್ಲೇ ಹಿಡಿದು ಓಡಿಸಬೇಕಾಗಿದ್ದರಿಂದ ಅದು ರಸ್ತೆಗಿಂತ ಹೆಚ್ಚಾಗಿ ಕೋಳಿಗಳ ಕಡೆಗೇ ಎಳೆಯುತ್ತಿತ್ತು.

ಹಡಗುಕಟ್ಟೆಗೆ ಹೋಗಬಾರದೆಂದು ಅವನು ನಿಶ್ಚಯಿಸಿಕೊಂಡಿದ್ದ. ಆದರೆ ನಮ್ಮ ರಾಜಧಾನಿಯಲ್ಲಿ ಇರುವುದು ಒಂದೇ ರಸ್ತೆ, ಅದು ಹೋಗುವುದು ಹಡಗುಕಟ್ಟೆಗೇ. ಮೋಟುಫೇಟುವಿನ ಜನ ಅಲ್ಲಿ ಚಾಪೆ ಹಾಸಿ ಕೂತಿದ್ದರು. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬಿ, ಕಾಲು ಕಟ್ಟಿದ ಹಂದಿಮರಿ, ಎಲ್ಲ ಪಕ್ಕದಲ್ಲೇ ಇದ್ದವು. ಸಂಜೆ ಲುಪೆ ಹೊರಡುತ್ತದೆ, ಹತ್ತಿಕೊಂಡು ಮನೆ ಸೇರೋಣ ಎಂದು ಬಂದವರಿಗೆ ಹಡಗು ಇನ್ನು ತಮ್ಮೂರಿಗಿಲ್ಲ ಎಂಬ ಸುದ್ದಿ ಬೆಳಗಿನ ರೇಡಿಯೋದಲ್ಲಿ ಸಿಕ್ಕಿತ್ತು. ನಡುವೆ ಕೂತಿದ್ದವಳು ಅಪಿಸಾಯಿಯ ಅಕ್ಕ ಟಿಲೇಸಾ. ಅವಳ ಗಂಡ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದವನು, ಹಿಂದಿನ ದಿನವಷ್ಟೇ ಬಿಡುಗಡೆಯಾಗಿದ್ದ. ಪ್ಲಾಸ್ಟರ್ ಹಾಕಿದ ಕಾಲನ್ನು ಅಕ್ಕಿ ಮೂಟೆಯ ಮೇಲಿಟ್ಟು ಮಲಗಿದ್ದ.

"ಬಂದ್ರಾ ಸಾಹೇಬ್ರು!" ಅಂದಳು ಟಿಲೇಸಾ. "ಬಾರೋ ಇಲ್ಲಿ. ನಿಮ್ಮ ಭಾವ ಈಜ್ಕೊಂಡು ಹೋಗ್ಬೇಕೇನೋ ಊರಿಗೆ?"

"ಅಕ್ಕಾ, ಅದು ಸರ್ಕಾರದ ತೀರ್ಮಾನ..."

"ಸರ್ಕಾರ ಅಂದ್ರೆ ಯಾರೋ? ನೀನೇ ಅಲ್ವೇನೋ? ನೀನು ಬೇಡ ಅಂದ್ಯೋ ಇಲ್ವೋ, ಅಷ್ಟು ಹೇಳು."

ಗುದ್ದಿದೆ ಅಕ್ಕಾ, ಕೂಗಾಡಿದೆ ಅಕ್ಕಾ, ನನ್ನನ್ನು ನಾಯಿಗಿಂತ ಕಡೆ ಮಾಡಿದರು ಅಕ್ಕಾ ಎಂದು ಹೇಳಲು ಅಪಿಸಾಯಿಯ ಜೀವ ಹಾತೊರೆಯಿತು. ಮಂತ್ರಿಯಾಗುವಾಗ ಬೈಬಲ್ ಮುಟ್ಟಿ ಮಾಡಿದ ಪ್ರಮಾಣ ಅಡ್ಡ ಬಂತು.

"ನಾವೆಲ್ಲ ಒಟ್ಟಾಗಿ ಮಾಡಿದ್ದು," ಅಂದ.

"ಥೂ! ನಿನ್ನ ಮುಖಕ್ಕಿಷ್ಟು! ಹೋಗ್ಲಿ, ಕೈಗೇನಾಯ್ತು?"

"ಬಾಗಿಲಿಗೆ ಸಿಕ್ಕಿಹಾಕ್ಕೊಳ್ತು."

"ನಾಲಗೆನೂ ಸಿಕ್ಕಿಹಾಕ್ಕೋಬೇಕಿತ್ತು," ಅಂದಳು ಟಿಲೇಸಾ. ಚಾಪೆಗಳ ಮೇಲೆಲ್ಲ ನಗು ಎದ್ದಿತು. ಹಂದಿಮರಿಯೂ ಕಿರುಚಿತು.

ಪಕ್ಕದಲ್ಲಿ ಎಳನೀರು ಕುಡಿಯುತ್ತ ನಿಂತಿದ್ದವನು ಫಾಲಾನಿ, ವಿರೋಧಪಕ್ಷದ ನಾಯಕ. ಇಂಥ ಜಾಗದಲ್ಲಿ ಅವನು ಇರದಿದ್ದರೆ ಇನ್ನೆಲ್ಲಿರುತ್ತಾನೆ? ಅವನು ಅಪಿಸಾಯಿಯ ಹೆಗಲ ಮೇಲೆ ಕೈ ಹಾಕಿ ಆ ಕಡೆ ಕರೆದೊಯ್ದ.

"ಯಾಕಯ್ಯಾ ಈ ಗೋಳು? ರಾಜೀನಾಮೆ ಬಿಸಾಕು. ಹೊರಗೆ ಬಂದ್ರೆ ಬಾಯಿ ನಿಂದು. ಮನಸ್ಸಿಗೆ ಬಂದ ಹಾಗೆ ಬೈಬಹುದು, ನನ್ನ ಕೇಳು, ನಾನು ದಿನಾ ಬೈತೀನಿ. ಸರ್ಕಾರನೇ ಬಿದ್ರಂತೂ ಅವರ ತೀರ್ಮಾನಕ್ಕೆ ಯಾವ ಬೆಲೆ? ನಾವು ಬಂದ ತಕ್ಷಣ ಮೊದಲನೇ ಕೆಲಸ ನಿಮ್ಮೂರಿನ ಹಡಗು."

"ಆಣೆಗೂ?"

"ಆಣೆಗೂ," ಅಂದ ಫಾಲಾನಿ, ಎಳನೀರಿನ ಮೇಲೆ ಕೈಯಿಟ್ಟು.

ಅಪಿಸಾಯಿ ಕಚೇರಿಗೆ ನುಗ್ಗಿದ ರಭಸಕ್ಕೆ ಬಾಗಿಲ ಬಳಿ ಮಲಗಿದ್ದ ನಾಯಿ ಎದ್ದು ಓಡಿತು. ಕಾಗದ ತೆಗೆದು ಎಡಗೈಯಲ್ಲೇ ರಾಜೀನಾಮೆ ಬರೆದ. ಅಕ್ಷರಗಳು ಏಡಿ ಹರಿದಾಡಿದ ಹಾಗಿದ್ದವು, ಸಿಟ್ಟು ಮಾತ್ರ ಸ್ಪಷ್ಟವಾಗಿತ್ತು. ಅದನ್ನು ಪಾಸೆಮೇಟಾಳ ಮುಂದೆ ಇಟ್ಟ.

"ತಗೊಳ್ಳಿ. ಪ್ರಧಾನಿಗೆ ಕೊಡಿ."

"ಯಾವ ಪ್ರಧಾನಿಗೆ ಸಾರ್?"

"ಇನ್ನೆಷ್ಟು ಜನ ಇದಾರ್ರೀ?"

"ಇವತ್ತಿಗೆ ಒಬ್ರೇ. ನೀವು."

ಅಪಿಸಾಯಿ ಸೀದಾ ಪ್ರಧಾನಿಯ ಕೋಣೆಗೆ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತ. ಪಾಸೆಮೇಟಾ ಕಾಗದವನ್ನು ತಟ್ಟೆಯಲ್ಲಿಟ್ಟು ತಂದು, "ಮೀನುಗಾರಿಕೆ ಮಂತ್ರಿಗಳು ಕಳಿಸಿದಾರೆ ಸಾರ್, ತುಂಬಾ ಕೋಪದಲ್ಲಿದಾರೆ," ಅಂದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಅಪಿಸಾಯಿ ತನ್ನ ಕಾಗದವನ್ನು ತಾನೇ ಓದಿದ. ಓದಿದಷ್ಟೂ ಅವನಿಗೆ ಆ ಮಂತ್ರಿಯ ಮೇಲೆ ಕರುಣೆ ಉಕ್ಕಿತು. "ಪಾಪ, ಇವನು ಹೇಳೋದ್ರಲ್ಲಿ ತಪ್ಪೇನಿದೆ? ಒಪ್ಪಿದೀನಿ!"

"ಒಪ್ಪಿದ್ರೆ ಹಂಗಾಮಿ ಪ್ರಧಾನಿ ಕೆಲಸಾನೂ ಹೋಗುತ್ತೆ ಸಾರ್. ಮಂತ್ರಿ ಅಲ್ದೋನು ಪ್ರಧಾನಿ ಆಗಿರೋಕಾಗಲ್ಲ. ಪ್ರಧಾನಿ ಹೋದ್ರೆ ಅವರ ಜತೆ ಮಂತ್ರಿಮಂಡಲ ಪೂರ್ತಿ ಹೋಗುತ್ತೆ. ಅಂಥ ರಾಜೀನಾಮೆನ ಗವರ್ನರ್ ಜನರಲ್ ಕೈಗೇ ಕೊಡ್ಬೇಕು."

"ಪೂರ್ತಿ ಹೋಗುತ್ತಾ? ಹಣಕಾಸಿನವನೂ? ಆ ಆರೋಗ್ಯದವನೂ?" ಅಪಿಸಾಯಿಯ ಕಣ್ಣು ಹೊಳೆಯಿತು. "ಹೋಗ್ಲಿ! ಮೀನು ತಿನ್ನೋಕೆ ಹೋಗಿದಾರಲ್ಲ, ತಿಂದು ಅಲ್ಲೇ ಬಿದ್ದಿರ್ಲಿ!"

"ಸಾರ್, ಸಿಟ್ಟು ಆಮೇಲೆ ಮಾಡಿ. ಆ ಹಡಗಿನ ವಿಷಯದಲ್ಲಿ ನಿಮಗೆ..."

"ಹಡಗು ಅಂದ್ರೆ ನೋಡಿ! ಇನ್ನೊಂದ್ಸಲ ಆ ಹೆಸರೆತ್ತಿದ್ರೆ ಈ ಮೇಜೂ ಗುದ್ದಿಬಿಡ್ತೀನಿ!"

ಪಾಸೆಮೇಟಾ ಮೇಜಿನ ಕಡೆ, ಅವನ ಕೈಯ ಕಡೆ ನೋಡಿ, ಕಾಗದ ಹಾಕಲು ಒಂದು ಲಕೋಟೆ ತಂದುಕೊಟ್ಟಳು.

ಗವರ್ನರ್ ಜನರಲ್ ಅಂದರೆ ನಮ್ಮಲ್ಲಿ ದೊರೆಯ ಪರವಾಗಿ ಕೂತಿರುವ ಹಿರಿಯರು. ಅವರು ಸರ್ಕಾರಿ ಮನೆಯ ಹಿತ್ತಿಲಲ್ಲಿ ಸೊಂಟಕ್ಕೆ ಸುತ್ತಿದ ಸುಲು ಪಂಚೆಯನ್ನು ಮೇಲೆತ್ತಿ ಕಟ್ಟಿ ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕುತ್ತಿದ್ದರು. ಅಪಿಸಾಯಿ ತಂದ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದಿ ಮುಗಿಸಿದರು.

"ಯೋಚ್ನೆ ಮಾಡಿ ಬರ್ದಿದೀಯೇನೋ ಮಗಾ?"

"ಸಿಟ್ಟಲ್ಲಿ ಬರ್ದಿದೀನಿ ತಾತಾ. ಅದೇ ನಿಜವಾದ ಯೋಚ್ನೆ."

"ಸರಿ, ಸ್ವೀಕರಿಸಿದೀನಿ. ಸರ್ಕಾರ ಬಿತ್ತು," ಅಂದು ಮುದುಕರು ಇನ್ನೊಂದು ಕಾಯಿ ಒಡೆದರು.

ಅಪಿಸಾಯಿ ಎದೆ ತುಂಬ ಉಸಿರೆಳೆದುಕೊಂಡ. ಎಷ್ಟು ದಿನದಿಂದ ಕಟ್ಟಿಟ್ಟಿದ್ದ ಬೈಗುಳಗಳು! ಅವನು ತಿರುಗಿ ಓಡುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಎಲ್ಲಿಗೆ ಹೊರಟೆ? ಹೊಸ ಸರ್ಕಾರ ಮಾಡ್ಬೇಕಂದ್ರೆ ಸದಸ್ಯರು ಸೇರ್ಬೇಕು. ಅರ್ಧ ಜನ ಹೊರದೇಶದಲ್ಲಿದಾರೆ. ಅವ್ರು ಬರೋದು ಗುರುವಾರ. ಅಲ್ಲೀತನಕ ದೇಶ ಬೀದೀಲಿರೋಕಾಗುತ್ತಾ? ಬಿದ್ದ ಸರ್ಕಾರನೇ ಉಸ್ತುವಾರಿ ನೋಡ್ಕೋಬೇಕು. ಅಂದ್ರೆ ನೀನೇ."

"ನಾನು ರಾಜೀನಾಮೆ ಕೊಟ್ಟೆ ತಾತಾ!"

"ಕೊಟ್ಟೆ, ತಗೊಂಡೆ. ಉಸ್ತುವಾರಿ ಅಂದ್ರೆ ಅದೇ ತಾನೆ?"

"ಹಾಗಾದ್ರೆ ಇದಕ್ಕೂ ರಾಜೀನಾಮೆ ಕೊಡ್ತೀನಿ!"

"ಕೊಡೋಕೆ ಇನ್ನೇನುಳಿದಿದೆ ನಿನ್ ಹತ್ರ?" ಅಂದರು ಮುದುಕರು ಶಾಂತವಾಗಿ. "ಅಲ್ಲೀತನಕ ಇದ್ದದ್ದು ಇದ್ದ ಹಾಗೆ ನಡೀಬೇಕು. ಹೊಸ ಆಜ್ಞೆ ಕೊಡೋ ಹಾಗಿಲ್ಲ, ಹಳೇ ತೀರ್ಮಾನ ಮುಟ್ಟೋ ಹಾಗಿಲ್ಲ. ಪ್ರಮಾಣ ಮಾಡಿದೀಯಲ್ಲ, ಬಾಯಿ ಬಿಡೋ ಹಾಗೂ ಇಲ್ಲ. ಒಂದು ಕಾಯಿ ತಗೊಂಡು ಹೋಗ್ತೀಯಾ?"

ಹಡಗುಕಟ್ಟೆಯಿಂದ ಲುಪೆಯ ಕೂಗು ಕೇಳಿಸಿತು. ಅಪಿಸಾಯಿ ಮೋಟರ್‌ಸೈಕಲ್ ಏರಿದ. ನಿಯಮ ಗಿಯಮ ಎಲ್ಲ ಸಮುದ್ರಕ್ಕೆ ಬೀಳಲಿ ಎಂದುಕೊಂಡ. ಕಟ್ಟೆ ತಲುಪಿದವನೇ, ಹಗ್ಗ ಬಿಚ್ಚುತ್ತಿದ್ದ ಕ್ಯಾಪ್ಟನ್‌ಗೆ ಕೂಗಿದ: "ನಿಲ್ಲೋ! ಮೋಟುಫೇಟುಗೆ ಹೋಗ್ಬೇಕು! ಇದು ನನ್ನ ಆಜ್ಞೆ!"

ಚಾಪೆಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಟಿಲೇಸಾ ಗಂಡನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಅವಳು ತಮ್ಮನನ್ನು ನೋಡಿದ ನೋಟದಲ್ಲಿ ಬೆಳಗಿನ ಸಿಟ್ಟಿರಲಿಲ್ಲ. ಆ ಒಂದು ಗಳಿಗೆ ಅಪಿಸಾಯಿಗೆ ಕೈನೋವು ಮರೆತೇಹೋಯಿತು.

ಕ್ಯಾಪ್ಟನ್ ಪಾಸೆಮೇಟಾಳ ಮುಖ ನೋಡಿದ. ಸರ್ಕಾರ ಬಿದ್ದ ಸುದ್ದಿ ತಿಳಿದು ಆಕೆ ಅಷ್ಟರಲ್ಲೇ ಅಲ್ಲಿಗೆ ಬಂದು ನಿಂತಿದ್ದಳು. ತಲೆ ಅಲ್ಲಾಡಿಸಿದಳು.

"ಈಗ ಆಗಲ್ಲ ಸಾರ್. ಉಸ್ತುವಾರಿ ಸರ್ಕಾರ ಹೊಸ ಆಜ್ಞೆ ಕೊಡೋ ಹಾಗಿಲ್ಲ."

"ಈಗ ಆಗಲ್ಲ ಅಂದ್ರೆ ಯಾವಾಗ ಆಗ್ತಿತ್ತು?"

"ಬೆಳಗ್ಗೆ ಆಗ್ತಿತ್ತು. ಮಂತ್ರಿಮಂಡಲ ನಿಲ್ಲಿಸಿದ್ದು ಪ್ರತಿ ತಿಂಗಳ ಓಡಾಟ. ತುರ್ತು ಇದ್ರೆ ಒಂದು ಸಲಕ್ಕೆ ಹಡಗು ಕಳಿಸೋ ಅಧಿಕಾರ ಯಾವಾಗ್ಲೂ ಹಡಗು ಮಂತ್ರಿದೇ. ಸಭೆ ಬೇಡ, ಕಾಗದ ಬೇಡ, ಬಾಯ್ಮಾತು ಸಾಕು. ಇವತ್ತು ಬೆಳಗ್ಗೆಯಿಂದ ಹಡಗು ಮಂತ್ರಿ ನೀವೇ ಆಗಿದ್ರಿ. ಅದನ್ನೇ ಹೇಳೋಕೆ ಬಂದೆ. ಎರಡು ಸಲ ಬಂದೆ ಸಾರ್."

ಕ್ಯಾಪ್ಟನ್ ತಲೆ ಕೆರೆದುಕೊಂಡ. "ನಾನೂ ನಿಮ್ ಮಾತಿಗೇ ಕಾಯ್ತಾ ಇದ್ದೆ ಮಂತ್ರಿಗಳೇ. ಎಣ್ಣೆನೂ ಹಾಕ್ಸಿಟ್ಟಿದ್ದೆ," ಅಂದ.

ಹಗ್ಗ ನೀರಿಗೆ ಬಿತ್ತು. ಲುಪೆ ನಿಧಾನವಾಗಿ ತಿರುಗಿ ಪ್ರಧಾನಿಯ ಊರಿನ ಕಡೆ ಹೊರಟಿತು. ಅಪಿಸಾಯಿ ಇನ್ನೂ ಅಲ್ಲೇ ಇದ್ದ ಫಾಲಾನಿಯ ಕೊರಳಪಟ್ಟಿ ಹಿಡಿದ. "ನೀನು ಆಣೆ ಮಾಡಿದ್ಯಲ್ಲೋ! ಗುರುವಾರ ನಿಮ್ಮ ಸರ್ಕಾರ ಬಂದ್ರೆ ಹಡಗು ಕಳಿಸ್ತೀಯಾ ಇಲ್ವಾ?"

"ಕಳಿಸೋಣ, ಕಳಿಸೋಣ," ಅಂದ ಫಾಲಾನಿ, ಕೊರಳು ಬಿಡಿಸಿಕೊಳ್ಳುತ್ತಾ. "ಆದ್ರೆ ಎಣ್ಣೆ ಸಾಲಲ್ಲ ಅನ್ನೋದೂ ಸುಳ್ಳಲ್ವಲ್ಲಪ್ಪ. ಮಂತ್ರಿಮಂಡಲದಲ್ಲಿ ಕೂತು ಎಲ್ರೂ ಒಟ್ಟಾಗಿ ನೋಡ್ಬೇಕಾಗುತ್ತೆ."

ಆಗ ಅಪಿಸಾಯಿಗೆ ಏನಾಯಿತೋ ಅವನಿಗೇ ತಿಳಿಯಲಿಲ್ಲ. ಫಾಲಾನಿಯನ್ನು ಹೊಡೆಯುವಂತಿರಲಿಲ್ಲ, ತಾನೀಗ ಉಸ್ತುವಾರಿ ಪ್ರಧಾನಿ. ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟ ಪಕ್ಕದಲ್ಲೇ ಇತ್ತು. ಎಡಗೈ ಮುಷ್ಟಿ ಕಟ್ಟಿ ಅದಕ್ಕೆ ಗುದ್ದಿದ.

ರೇಡಿಯೋದವನು ಬಂದು ಅವನ ಬಾಯಿಗೆ ಮೈಕು ಹಿಡಿದ. ಮೋಟುಫೇಟುವಿಗೆ ಹಡಗು ಯಾಕೆ ಹೋಗಲಿಲ್ಲ ಎಂದು ದೇಶಕ್ಕೆ ಯಾರಾದರೂ ಹೇಳಬೇಕಿತ್ತಲ್ಲ, ಹೇಳುವುದಕ್ಕೆ ಸರ್ಕಾರದಲ್ಲಿ ಉಳಿದಿದ್ದವನು ಅವನೊಬ್ಬನೇ. ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿಕೊಂಡು, "ನಾವೆಲ್ಲ ಒಟ್ಟಾಗಿ ಮಾಡಿದ್ದು," ಅಂದ.

ಟಿಲೇಸಾ ಎದ್ದು ಚಾಪೆ ಸುತ್ತಿದಳು. ಊರಿನವರೆಲ್ಲ ಸುತ್ತಿದರು. "ನಡೀರಿ ಎಲ್ರೂ," ಅಂದಳು. "ಊರಿಗೆ ಹೋಗೋಕಾಗಲ್ಲ ಅಂದ್ಮೇಲೆ ಮಂತ್ರಿ ಮನೆ ಇದೆಯಲ್ಲ, ಅಲ್ಲೇ ಇರೋಣ. ಹಂದಿಮರಿ ಮರೀಬೇಡಿ."

ಅಕ್ಕಿ ಮೂಟೆ, ಡಬ್ಬಿ, ಪ್ಲಾಸ್ಟರ್ ಕಾಲಿನ ಭಾವ, ಎಲ್ಲವೂ ಮೆರವಣಿಗೆಯಾಗಿ ಹೊರಟವು. ಅಪಿಸಾಯಿ ಹಿಂದೆ ಬರುತ್ತಿದ್ದ. ಮೋಟರ್‌ಸೈಕಲ್ ಹಿಡಿಯಲು ಈಗ ಅವನಿಗೆ ಯಾವ ಕೈಯೂ ಇರಲಿಲ್ಲ. ಟಿಲೇಸಾ ಹಿಂತಿರುಗಿ ಅವನ ಎಡಗೈಯನ್ನು ನೋಡಿದಳು.

"ಇದೂ ಬಾಗಿಲಿಗೆ ಸಿಕ್ಕಿಹಾಕ್ಕೊಳ್ತಾ?"

"ಹೂಂ," ಅಂದ ಅಪಿಸಾಯಿ.